ನನಗ್ಯಾಕ ಸಣ್ಣ ಉಂಡಿ?

ವಿಜಯಪುರದ ಕಡೆ ನಾಗರ ಪಂಚಮಿಯ ದಿನ ನಾಗಪ್ಪನಿಗೆ ಹಾಲೆರೆಯುವುದು ಬೆಳಗಿನ ಸ್ವಲ್ಪ ಹೊತ್ತಿನ ಕೆಲಸ. ಉಳಿದ ದಿನವೆಲ್ಲ ಉಂಡಿಯದ್ದೇ ಕಾರಬಾರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ. ನಮ್ಮವ್ವ ಕಟ್ಟಿದ ಶೇಂಗಾ ಉಂಡಿಗಳಲ್ಲಿ ಹೆಚ್ಚು ಕಡಿಮೆ ಅನ್ನುವ ಮಾತೇ ಇಲ್ಲ. ಆದರೂ ಈ ಸಲ ಜಗಳ ತಪ್ಪಲಿಲ್ಲ.

ಅಣ್ಣನ ಮಗನ ತಾಟಿನಲ್ಲಿ ನಡುವೆ ಶೇಂಗಾ ಉಂಡಿ, ಸುತ್ತ ಕ್ರಿಕೆಟ್ ಚೆಂಡಿನಂಥ ಅಳ್ಳುಂಡಿಗಳು. ಅವನ ತಂಗಿಯ ತಾಟಿನಲ್ಲೂ ನಡುವೆ ಶೇಂಗಾ ಉಂಡಿಯೇ, ಆದರೆ ಸುತ್ತ ಇದ್ದದ್ದು ಪುಟಾಣಿ ಎಳ್ಳುಂಡಿಗಳು.

"ಆಯೀ, ಆಕಿಗೆ ದೊಡ್ಡದು, ನನಗ್ಯಾಕ ಸಣ್ಣ ಉಂಡಿ?"

"ಎರಡೂ ಒಂದ ಕೈಲೆ ಕಟ್ಟೇನೋ ಯಪ್ಪಾ."

ಅಣ್ಣ ಬಗ್ಗಿ ನೋಡಿ ಮಗನ ಪರ ನಿಂತ. ಅತ್ತಿಗೆಯೂ ಅಷ್ಟೇ. ಉಂಡಿ ತಿನ್ನಲು ಬಂದಿದ್ದ ಪಕ್ಕದ ಮನೆಯ ನಿವೃತ್ತ ಮಾಸ್ತರರು ಕನ್ನಡಕ ಏರಿಸಿ, "ಹುಡುಗ ಹೇಳೂದು ಖರೇ ಐತ್ರಿ ಅವ್ವಾರ" ಎಂದು ತೀರ್ಪು ಕೊಟ್ಟರು. ಅವ್ವ ಮಾತಾಡಲಿಲ್ಲ. ನಡುವಿನ ಎರಡು ಉಂಡಿಗಳನ್ನು ಎತ್ತಿ ಅದಲು ಬದಲು ಮಾಡಿದಳು. ಹುಡುಗ ಮತ್ತೆ ನೋಡಿದ, ಮತ್ತೆ ಅತ್ತ. ತಂಗಿಯದೇ ಈಗಲೂ ದೊಡ್ಡದು!

19ನೇ ಶತಮಾನದ ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಹೆಸರಿನಲ್ಲಿರುವ ಭ್ರಮೆ ಇದೇ. ದೊಡ್ಡವರ ನಡುವೆ ಕೂತದ್ದು ಸಣ್ಣದಾಗಿ ಕಾಣುತ್ತದೆ, ಸಣ್ಣವರ ನಡುವೆ ಕೂತದ್ದು ದೊಡ್ಡದಾಗಿ ಕಾಣುತ್ತದೆ. ಮದುವೆ ಮನೆಯಲ್ಲಿ ಬೀಗರ ಪಕ್ಕ ಕೂತ ನಮಗೆಲ್ಲ ಇದು ಅನುಭವದ ಮಾತೇ.

ನಾನು ನೋಡುತ್ತಿದ್ದದ್ದು ಮಾತ್ರ ಹುಡುಗನ ಕೈಯನ್ನು. ಸಣ್ಣದು ಸಣ್ಣದು ಅಂತ ಅಳುತ್ತಲೇ ಅವನು ಉಂಡಿಗೆ ಕೈ ಹಾಕಿದ. ಬೆರಳು ಎಷ್ಟು ಬೇಕೋ ಅಷ್ಟೇ ಅಗಲಿದವು, ಉಂಡಿ ಜಾರಲಿಲ್ಲ, ಪುಡಿಯೂ ಆಗಲಿಲ್ಲ. ಏನನ್ನೇ ಹಿಡಿಯಲು ಹೋಗಲಿ, ನಮ್ಮ ಬೆರಳು ಆ ವಸ್ತುವಿಗಿಂತ ಸ್ವಲ್ಪ ಹೆಚ್ಚು ಅಗಲುತ್ತವೆ, ಮುಟ್ಟುವ ಮೊದಲೇ ಮುಚ್ಚಲು ಶುರುಮಾಡುತ್ತವೆ. 1995ರಲ್ಲಿ ಅಗ್ಲಿಯೋಟಿ, ಡಿಸೋಜ಼ಾ, ಗುಡೇಲ್ ಎಂಬ ಮೂವರು ಸಂಶೋಧಕರು ಇದೇ ಭ್ರಮೆ ಹುಟ್ಟಿಸುವ ವೃತ್ತಗಳ ಚಿತ್ರದ ನಡುವೆ ತೆಳುವಾದ ಬಿಲ್ಲೆ ಇಟ್ಟು, ಜನರಿಂದ ಎತ್ತಿಸಿ ಈ ಅಗಲವನ್ನೇ ಅಳೆದರು. ಕಣ್ಣು ಮೋಸ ಹೋದಷ್ಟು ಬೆರಳು ಹೋಗಿರಲಿಲ್ಲ.

ಗುಡೇಲ್ ಮತ್ತು ಮಿಲ್ನರ್ 1992ರಲ್ಲೇ ಒಂದು ವಾದ ಹೂಡಿದ್ದರು. ಕಂಡದ್ದು ಏನು ಅಂತ ಹೇಳಲು ಮಿದುಳಿನಲ್ಲಿ ಒಂದು ದಾರಿ, ಅದನ್ನು ಹಿಡಿಯಲು ಬೇರೊಂದು ದಾರಿ. ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಮಿದುಳಿಗೆ ಪೆಟ್ಟಾಗಿದ್ದ ಮಹಿಳೆಯೊಬ್ಬರಿಗೆ ಎದುರಿನ ಸೀಳು ಅಡ್ಡ ಇದೆಯೋ ಉದ್ದ ಇದೆಯೋ ಹೇಳಲು ಆಗುತ್ತಿರಲಿಲ್ಲ. ಕೈಗೆ ಕಾರ್ಡ್ ಕೊಟ್ಟರೆ ಮಾತ್ರ ಸರಿಯಾಗಿ ತಿರುಗಿಸಿ ಅದರೊಳಗೆ ಹಾಕಿಬಿಡುತ್ತಿದ್ದರು! ಇಷ್ಟಾದರೂ ಎಲ್ಲರೂ ಒಪ್ಪಿಲ್ಲ. 2000ದಲ್ಲಿ ಜರ್ಮನಿಯ ಫ್ರಾಂಟ್ಸ್ ಮತ್ತು ಜೊತೆಗಾರರು, ನೀವು ಕಣ್ಣಿಗೆ ಕೇಳಿದ ಪ್ರಶ್ನೆ ಬೇರೆ, ಕೈಗೆ ಕೇಳಿದ್ದು ಬೇರೆ, ಸರಿಯಾಗಿ ಕೇಳಿದರೆ ಇಬ್ಬರೂ ಅಷ್ಟೇ ಮೋಸ ಹೋಗುತ್ತಾರೆ ಎಂದರು. ವಿದ್ವಾಂಸರ ಮನೆಯಲ್ಲೂ ಉಂಡಿ ಜಗಳ ಇದ್ದದ್ದೇ ಅಂತ ನನಗೆ ಸಮಾಧಾನ.

ರಾತ್ರಿ ಊಟದ ನಡುವೆ ಕರೆಂಟ್ ಹೋಯಿತು. ನೋಡಿದ ವಸ್ತು ಮರೆಯಾದ ಮೇಲೆ ನೆನಪಿನಿಂದ ಹಿಡಿಯಲು ಹೋದರೆ ಬೆರಳಿಗೂ ಭ್ರಮೆ ಅಂಟುತ್ತದೆ ಅಂತ ಓದಿದ್ದೆ. ಹೇಳಬೇಕು ಅನ್ನುವಷ್ಟರಲ್ಲಿ ಅಣ್ಣ ಕತ್ತಲಲ್ಲೇ ಉಂಡಿಗೆ ಕೈ ಚಾಚಿ ಮಜ್ಜಿಗೆ ತಂಬಿಗಿ ಉರುಳಿಸಿದ. ಅದು ಮಾಸ್ತರರ ಧೋತರದ ಮೇಲೆ ಹರಿಯಿತು. ಅದಕ್ಕೆ ಎಬ್ಬಿಂಗ್‌ಹೌಸನನ್ನು ದೂರಬೇಕಿಲ್ಲ, ಅದು ಬರೀ ಆಸೆಬುರುಕತನ.

ಮರುದಿನ ಕಾಕಾ ಪೇಟೆಯಿಂದ ಒಂದು ಕಿಲೋ ಬೆಲ್ಲ, ಒಂದು ಕಿಲೋ ಚುರುಮುರಿ ತಂದರು. ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಚುರುಮುರಿಯಾಗ ಹೊಡದಾನ ನೋಡು ಮಗಾ" ಎಂದರು. ಅವ್ವನ ಹಳೆ ತಕ್ಕಡಿಯಲ್ಲಿ ಇಟ್ಟೆವು. ಮುಳ್ಳು ಅಲುಗಲಿಲ್ಲ.

"ತಕ್ಕಡಿ ಕೆಟ್ಟೈತಿ."

ಪರಡಿ ಬದಲಿಸಿ ಇಟ್ಟೆವು. ಆಗಲೂ ಸಮ. ಕಾಕಾ ಮತ್ತೆ ಎತ್ತಿದರು, ಮತ್ತೆ ತಲೆ ಅಲ್ಲಾಡಿಸಿದರು. ತೂಕ ಒಂದೇ ಇದ್ದರೂ ಸಣ್ಣ ಗಂಟು ಭಾರ, ದೊಡ್ಡ ಗಂಟು ಹಗುರ ಅನ್ನಿಸುತ್ತದೆ ಎಂದು ಫ್ರಾನ್ಸಿನ ಶಾರ್ಪಾಂಟಿಯೆ 1891ರಲ್ಲೇ ಬರೆದಿದ್ದ. ಕೆಲವು ಸಲ ಎತ್ತಿದ ಮೇಲೆ ಬೆರಳುಗಳು ಎಷ್ಟು ಬಲ ಹಾಕಬೇಕು ಅನ್ನುವುದನ್ನು ಕಲಿತುಬಿಡುತ್ತವೆ. ಮನಸ್ಸು ಮಾತ್ರ ಹಟ ಬಿಡುವುದಿಲ್ಲ. ಇದನ್ನೆಲ್ಲ ವಿವರಿಸಿದೆ. "ನಿನ್ನ ಫ್ರಾನ್ಸಿನವ ಕಿರಾಣಿ ಅಂಗಡಿ ಇಟ್ಟಿದ್ನೇನು?" ಎಂದು ಕಾಕಾ ಚಪ್ಪಲಿ ಮೆಟ್ಟಿದರು. ಅಂಗಡಿಗೆ ವಾಪಸ್ ಒಯ್ಯಲು ಚೀಲ ಹುಡುಕಿದರೆ ಚೀಲ ಖಾಲಿ. ಅವ್ವ ಅಷ್ಟೂ ಚುರುಮುರಿ ನೀರಲ್ಲಿ ನೆನೆಸಿ, ಹಿಂಡಿ, ಸುಸಲಾಕ್ಕೆ ಒಗ್ಗರಣಿ ಹಾಕುತ್ತಿದ್ದಳು.

ಕಾಕಾ ಎರಡನೇ ತಾಟು ಕೈಗೆತ್ತಿಕೊಂಡು ಅಂದರು: "ಹಾಂ, ಈಗ ತೂಕ ಬಂತು."