ಇವರನ್ನ ಸ್ವಲ್ಪ ಇಳಿಸಿ

ಗುರುವಾರ ಸ್ಕೂಟರಿನ ಕ್ಲಚ್ ವೈರ್ ತುಂಡಾಯಿತು. ಮೆಕ್ಯಾನಿಕ್ ಬಗ್ಗಿ ನೋಡಿ, "ಬರೀ ವೈರ್ ಅಲ್ಲ ಸಾರ್, ಒಳಗೂ ಇದೆ" ಎಂದ. ಒಳಗೆ ಏನಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರ ಹತ್ತಿರ, ಮೆಕ್ಯಾನಿಕ್ ಹತ್ತಿರ ಜಾಸ್ತಿ ಕೇಳಿದಷ್ಟೂ ಬಿಲ್ಲು ಬೆಳೆಯುತ್ತದೆ. ಸೋಮವಾರ ಬನ್ನಿ ಎಂದ. ಭಾನುವಾರ ಹಳೆಯ ಸಹೋದ್ಯೋಗಿಯ ಮಗನ ಮುಂಜಿ, ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರದ ಛತ್ರದಲ್ಲಿ.

"ಬಸ್ಸಲ್ಲಿ ಹೋಗಿ, ಅದಕ್ಕೇನು" ಎಂದಳು ಹೆಂಡತಿ.

ಅದಕ್ಕೇನು ಅಂದರೆ, ಬೆಂಗಳೂರಿಗೆ ಬಂದು 26 ವರ್ಷವಾದರೂ ನಾನು ಒಮ್ಮೆಯೂ ಸಿಟಿ ಬಸ್ ಹತ್ತಿರಲಿಲ್ಲ. ಬಂದ ತಿಂಗಳೇ ಸ್ಕೂಟರ್ ಕೊಂಡೆ. ಆಮೇಲೆ ಬಸ್ಸು ಅಂದರೆ ಎದುರಿಗೆ ಅಡ್ಡ ನಿಂತು ಹೊಗೆ ಬಿಡುವ ವಸ್ತು, ಅಷ್ಟೇ. ಈ ಭಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ವಿಮಾನಕ್ಕೆ ಹೆದರುತ್ತೇನೆ ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬಸ್ಸಿಗೆ ಹೆದರುತ್ತೇನೆ ಎಂದರೆ ನಗುತ್ತಾರೆ. ಮೆಟ್ರೊ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 2017ರಿಂದಲೂ ನಮ್ಮ ಬನಶಂಕರಿಯಿಂದ ನೇರ ಲಾಲ್‌ಬಾಗಿಗೇ ಇದೆ. ಅಲ್ಲಿನ ಎಸ್ಕಲೇಟರ್ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಈಗ ಬೇಡ.

ಬಸ್ಸಿನ ಭಯವನ್ನು ನಾನು ಹೇಗೆ ಗೆದ್ದೆ ಅನ್ನುವುದಷ್ಟೇ ಇಲ್ಲಿಯ ವಿಷಯ.

ಹೆಂಡತಿಗೆ ಈ ಸಮಸ್ಯೆ ಇಲ್ಲ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅಲ್ಲಿಯವರೆಗೆ ತರಕಾರಿಗೂ ನನ್ನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದವಳು, ಆಮೇಲೆ ಬಸ್ಸುಗಳಲ್ಲಿ ಪಂಡಿತಳಾಗಿಬಿಟ್ಟಳು. 500ರಿಂದ ಶುರುವಾದರೆ ರಿಂಗ್ ರೋಡು, 335-ಇ ಆದರೆ ಕಾಡುಗೋಡಿ ಕಡೆ ಎಂದು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ. ಈ ನಂಬರುಗಳ ಬಾಲಕ್ಕೆ ಅಕ್ಷರಗಳನ್ನು ಅಂಟಿಸಿದವರು ಯಾರೋ, ಅವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಕನ್ನಡಕ ಸರಿಮಾಡಿಕೊಂಡು ಸಿ ಯೋ ಡಿ ಯೋ ನೋಡುವಷ್ಟರಲ್ಲಿ ಬಸ್ಸಿನ ಬೆನ್ನು ಕಾಣುತ್ತದೆ. ಡ್ರೈವರನ್ನು ಕೇಳೋಣ ಅಂದರೆ ಅವನು ಮಾತಾಡುವುದಿಲ್ಲ, ಗದ್ದ ಅಲ್ಲಾಡಿಸುತ್ತಾನೆ. ಅದು ಹೌದೋ, ಅಲ್ಲವೋ, ಕುತ್ತಿಗೆ ನೋವೋ? ಮಗಳು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾಳೆ. ಬಸ್ಸು ನಿಮ್ಮ ಮುಂದೆಯೇ ನಿಂತಿದೆ ಎಂದು ಅದು ತೋರಿಸುತ್ತದೆ. ನನ್ನ ಮುಂದೆ ನಿಂತಿದ್ದದ್ದು ಒಂದು ಹಸು.

ಹಾಗಂತ ನಾನು ಬಸ್ಸನ್ನೇ ಕಾಣದವನಲ್ಲ. ಕೊಪ್ಪದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಪಕ್ಕದ ಊರು ನಮ್ಮದು. ನಮ್ಮ ಬಸ್ಸಿಗೆ ನಂಬರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಹೋಗುವುದು ಒಂದೇ, ಸಂಜೆ ಬರುವುದೂ ಅದೇ. ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ, ಯಾಕೆ ಹೋಗುತ್ತಿದ್ದಾರೆ, ಎಲ್ಲವೂ ಕಂಡಕ್ಟರಿಗೆ ಗೊತ್ತು. ಪೇಪರು, ಔಷಧಿ, ಹಾಸ್ಟೆಲಿನ ಮಕ್ಕಳಿಗೆ ಬುತ್ತಿ, ಮನೆಯವರ ಜಗಳದ ಸುದ್ದಿ ಎಲ್ಲ ಅವನ ಕೈಯಲ್ಲೇ ಬರುತ್ತಿದ್ದದ್ದು. ಅಂಥ ಬಸ್ಸಿಗೂ ಹೆದರಿದವಳು ನಮ್ಮ ಮನೆಯಲ್ಲಿ ಒಬ್ಬಳಿದ್ದಳು, ದೊಡ್ಡಮ್ಮ.

ದೊಡ್ಡಮ್ಮ ಒಬ್ಬಳೇ ಬಸ್ ಹತ್ತಿದ್ದು ನಲವತ್ತು ದಾಟಿದ ಮೇಲೆ, ದವಡೆ ಹಲ್ಲು ಕೀಳಿಸಲು. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವಳ ತಮ್ಮ ಕಾಯುತ್ತಿರುತ್ತಾನೆ ಎಂದು ಮಾತಾಗಿತ್ತು. ವಾಂತಿ ಬಂದೀತು ಎಂದು ಹಿಂದಿನ ರಾತ್ರಿಯಿಂದಲೇ ಊಟ ಬಿಟ್ಟಳು. ಮೂಸಲಿಕ್ಕೆ ಎರಡು ನಿಂಬೆಹಣ್ಣು ಕೈಯಲ್ಲಿ, ಒಂದು ಹಾಳಾದರೆ ಇರಲಿ ಎಂದು ಮೂರನೆಯದು ಸೆರಗಿನ ಗಂಟಿನಲ್ಲಿ. ದೊಡ್ಡಪ್ಪ ಕಂಡಕ್ಟರಿಗೆ ಮೂರು ಸಲ ಹೇಳಿದರು: "ಇವಳನ್ನ ತೀರ್ಥಹಳ್ಳೀಲಿ ಇಳ್ಸು ಮಾರಾಯ." ದೊಡ್ಡಮ್ಮನಿಗೆ ಒಂದೇ ಸಲ ಹೇಳಿದರು: "ಅವನು ಹೇಳೋವರೆಗೆ ಏಳ್ಬೇಡ."

ದೊಡ್ಡಮ್ಮ ಏಳಲಿಲ್ಲ.

ತೀರ್ಥಹಳ್ಳಿಯಲ್ಲಿ ಬಸ್ಸಿನ ಮೇಲಿಂದ ಅಡಿಕೆ ಮೂಟೆ ಇಳಿಸುವ ಗಲಾಟೆಯಲ್ಲಿ ಕಂಡಕ್ಟರಿಗೆ ಮರೆತೇ ಹೋಯಿತು. ತಮ್ಮ ಒಂದು ಬಾಗಿಲ ಹತ್ತಿರ ಕಾದ, ಅವಳು ಇನ್ನೊಂದು ಕಡೆಯ ಕಿಟಕಿಯಲ್ಲಿ ಕೂತಿದ್ದಳು. ಅಕ್ಕಪಕ್ಕದವರೆಲ್ಲ ಇಳಿದರು, ಹೊಸಬರು ಹತ್ತಿದರು, ಬಸ್ಸು ಹೊರಟಿತು. ಅವನು ಹೇಳಿಲ್ಲ, ಹಾಗಾದರೆ ತೀರ್ಥಹಳ್ಳಿ ಇನ್ನೂ ಬಂದಿಲ್ಲ. ಮಂಡಗದ್ದೆ ಬಂತು. ತುಂಗೆ ಪಕ್ಕದಲ್ಲೇ ಬರುತ್ತಿದ್ದಳು. ಸಕ್ರೆಬೈಲಿನ ಹತ್ತಿರ ಸಾಲಾಗಿ ಆನೆಗಳು ನೀರಿಗಿಳಿಯುತ್ತಿದ್ದವು. ತೀರ್ಥಹಳ್ಳಿಯಲ್ಲಿ ಆನೆ ಇದೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲವಲ್ಲ ಎಂದು ಆಗ ಸಣ್ಣ ಅನುಮಾನ ಬಂದದ್ದು ಹೌದಂತೆ. ಶಿವಮೊಗ್ಗದಲ್ಲಿ ಬಸ್ಸು ಪೂರ್ತಿ ಖಾಲಿಯಾದಾಗ ಕಂಡಕ್ಟರ್ ತಿರುಗಿ ನೋಡಿ ತಲೆ ಮೇಲೆ ಕೈ ಹೊತ್ತ. ಕೈಮುಗಿದ. ಕಾಫಿ, ಎರಡು ಇಡ್ಲಿ ತಂದುಕೊಟ್ಟ. ದೊಡ್ಡಮ್ಮ ಸೀಟು ಬಿಡಲಿಲ್ಲ. ಅಲ್ಲೇ ಕೂತು ತಿಂದು, ಅದೇ ಬಸ್ಸಿನಲ್ಲಿ ಸಂಜೆ ಮನೆಗೆ ಬಂದಳು. ಹಲ್ಲು ಬಾಯಲ್ಲೇ ಇತ್ತು, ನೋವು ಮಾತ್ರ ಇರಲಿಲ್ಲ. ಇಡ್ಲಿ ತಿನ್ನಲು ಬರುತ್ತದೆ ಅಂದಮೇಲೆ ಯಾಕೆ ಕೀಳಿಸುವುದು ಎಂದು ಆ ಹಲ್ಲನ್ನು ಇನ್ನೂ ಆರು ವರ್ಷ ಇಟ್ಟುಕೊಂಡಿದ್ದಳು. ಕಂಡಕ್ಟರ್ ಮಾತ್ರ ಒಂದು ವರ್ಷ ನಮ್ಮ ಮನೆ ಬರುವಾಗ ಬೇಕೆಂದೇ ಟಿಕೆಟ್ ಎಣಿಸುತ್ತ ತಲೆ ತಗ್ಗಿಸಿರುತ್ತಿದ್ದ.

ಆ ಕಾಲದ ಬಸ್ಸುಗಳು ಹೋದವು. ಆಮೇಲೆ 1991ರಲ್ಲಿ ಕೊಪ್ಪದಲ್ಲಿ ನೌಕರರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. 2020ರಲ್ಲಿ ಅದೂ ನಿಂತಿತು. ಇರಲಿ, ನಾನು ಹೇಳಲು ಹೊರಟದ್ದು ಭಾನುವಾರದ ವಿಷಯ.

ಬೇಡ ಬೇಡ ಅಂದರೂ ಹೆಂಡತಿ ಸ್ಟಾಪಿನವರೆಗೆ ಬಂದಳು. ಬಸ್ಸು ಬಂತು. ನಾನು ಮುಂದಿನ ಬಾಗಿಲಿಗೆ ಕಾಲಿಟ್ಟೆ. "ರೀ, ಅದು ಹೆಂಗಸರದ್ದು, ಹಿಂದೆ ಹತ್ತಿ" ಎಂದು ಕೂಗಿದಳು. ಹಿಂದಕ್ಕೆ ಓಡಿ ಹತ್ತಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಕಿಟಕಿಯ ಹತ್ತಿರ ಬಂದು, ಕಂಡಕ್ಟರನ್ನು ಕರೆದು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು: "ಇವರನ್ನ ಲಾಲ್‌ಬಾಗ್ ವೆಸ್ಟ್ ಗೇಟಲ್ಲಿ ಸ್ವಲ್ಪ ಇಳಿಸಿಬಿಡಿ. ಅಭ್ಯಾಸ ಇಲ್ಲ."

ಅಭ್ಯಾಸ ಇಲ್ಲ! ಹಿಡಿದುಕೊಳ್ಳಲು ಕಂಬಿ ಹುಡುಕುತ್ತಿದ್ದ ನನ್ನನ್ನು ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕ್ರಿಕೆಟ್ ಬ್ಯಾಟ್ ಹಿಡಿದ ಒಬ್ಬ ಹುಡುಗ ಎದ್ದು ಸೀಟು ಕೊಟ್ಟ. ನನಗಿನ್ನೂ 58, ಸೀಟು ಬಿಟ್ಟುಕೊಡುವಂಥ ವಯಸ್ಸೇನಲ್ಲ. ಆದರೂ ಕೂತೆ. ಕಂಡಕ್ಟರಿಗೆ 50 ರೂಪಾಯಿ ಕೊಟ್ಟೆ. ಅವನು ಕ್ಯೂಆರ್ ಕೋಡಿನ ಕಡೆ ಕೈ ತೋರಿಸಿದ. ನಾನು ನೋಟಿನ ಕಡೆ ಕೈ ತೋರಿಸಿದೆ. ನಿಟ್ಟುಸಿರು ಬಿಟ್ಟು ಟಿಕೆಟ್ ಹರಿದ, ಹಿಂಬದಿಯಲ್ಲಿ 32 ಎಂದು ಗೀಚಿದ. "ಇಳಿಯೋವಾಗ ಇಸ್ಕೊಳಿ."

ಆಮೇಲೆ ಶುರುವಾಯಿತು. ಜಯನಗರ ಬರುತ್ತಿದ್ದ ಹಾಗೆ ಕರಿಬೇವಿನ ಚೀಲದ ಅಜ್ಜಿಯೊಬ್ಬರು ಮುಂದಿನಿಂದ, "ಇನ್ನೂ ಇದೆ ಕಣಪ್ಪಾ, ಕೂತ್ಕೋ" ಎಂದರು. ಬ್ಯಾಟಿನ ಹುಡುಗ, "ಅಂಕಲ್, ನಾನು ಹೇಳ್ತೀನಿ" ಎಂದ. ಹಿಂದಿನ ಸೀಟಿನವರೊಬ್ಬರು ವೆಸ್ಟ್ ಗೇಟಿನಲ್ಲಿ ಇಳಿದ ಮೇಲೆ ರಸ್ತೆ ಹೇಗೆ ದಾಟಬೇಕೆಂದು ವಿವರಿಸತೊಡಗಿದರು. ಸುಮ್ನೆ ಒಂದು ನಗೆ ನಕ್ಕೆ. ಅವರು ಇನ್ನೊಮ್ಮೆ ವಿವರಿಸಿದರು. ಒಳ್ಳೆಯ ಜನ. ಆದರೆ ಇಷ್ಟೊಂದು ಒಳ್ಳೆಯ ಜನ ಒಂದೇ ಬಸ್ಸಿನಲ್ಲಿ ಇರಬಾರದು.

ಸೌತ್ ಎಂಡ್ ಸರ್ಕಲ್ ಬಂದಾಗ ಎದ್ದುಬಿಟ್ಟೆ.

"ಇದಲ್ಲ, ಇದಲ್ಲ!" ಎಂದು ನಾಲ್ಕೈದು ದನಿಗಳು. "ಇಲ್ಲಿ ಸ್ವಲ್ಪ ಕೆಲಸ ಇದೆ" ಎಂದೆ, ಆದಷ್ಟು ಗಂಭೀರವಾಗಿ. ಬೆಳಗಿನ ಹತ್ತೂವರೆಗೆ ಸೌತ್ ಎಂಡ್ ಸರ್ಕಲ್ಲಿನಲ್ಲಿ ನನಗೆ ಏನು ಕೆಲಸ? ಬಸ್ಸು ಮರೆಯಾಗುವವರೆಗೆ ಒಂದು ಅಂಗಡಿಯ ಮುಂದೆ ಬಾಳೆಹಣ್ಣಿನ ರೇಟು ಕೇಳುತ್ತ ನಿಂತೆ. ಆಮೇಲೆ ಮೆಟ್ರೊ ಕಂಬಗಳ ನೆರಳು ಹಿಡಿದು ಆರ್.ವಿ. ರಸ್ತೆಯಲ್ಲಿ ಉದ್ದಕ್ಕೂ ನಡೆದೆ. ತಲೆ ಮೇಲೆ ಎರಡು ರೈಲು ಹೋದವು. ಛತ್ರ ಮುಟ್ಟುವಷ್ಟರಲ್ಲಿ ವಟುವಿಗೆ ಭಿಕ್ಷೆ ಹಾಕುವುದು ಮುಗಿದಿತ್ತು, ಊಟದ ಮೊದಲ ಪಂಕ್ತಿಯೂ ತುಂಬಿತ್ತು.

ವಾಪಸ್ ಹೇಗೆ ಬಂದೆ ಅಂದರೆ, ಬೇರೆಯವರ ಕಾರಿನಲ್ಲಿ.

ಮನೆಯಲ್ಲಿ ಅಂಗಿ ಒಗೆಯಲು ಹಾಕುವ ಮೊದಲು ಹೆಂಡತಿ ಜೇಬು ತಡಕಿದಳು. ಟಿಕೆಟ್ ಸಿಕ್ಕಿತು. ತಿರುಗಿಸಿ ನೋಡಿದಳು.

"ಚಿಲ್ಲರೆ?"

ಇಳಿಯುವ ಗಡಿಬಿಡಿಯಲ್ಲಿ ಮರೆತೆ ಎಂದೆ. ಯಾವ ಗಡಿಬಿಡಿ ಎಂದು ಅವಳು ಕೇಳಲಿಲ್ಲ. ಟಿಕೆಟ್ಟನ್ನು ನೀಟಾಗಿ ಮಡಚಿ ಫ್ರಿಜ್ಜಿನ ಮೇಲಿಟ್ಟು, ಅದರ ಮೇಲೆ ಉಪ್ಪಿನ ಡಬ್ಬಿ ಹೇರಿದಳು.

"ನಾಳೆ ಹತ್ತು ಗಂಟೆಗೆ ಅದೇ ಬಸ್ಸು ಬರುತ್ತೆ, ಹೋಗಿ ಇಸ್ಕೊಂಡು ಬನ್ನಿ. ಆ ಕಂಡಕ್ಟರ್ ನಂಗೊತ್ತು, ಕೊಡ್ತಾನೆ. ನಿಮಗೆ ಕೇಳೋಕೆ ಆಗಲ್ಲ ಅಂದ್ರೆ ನಾನೂ ಬರ್ತೀನಿ."