ಬಾಡಿಗೆ ಕಟ್ಟೋ ಹೀರೋಗೆ ಟೀಮ್ ಯಾಕೆ?

ಮೊನ್ನೆ ರಾತ್ರಿ ಗೆಳೆಯನೊಬ್ಬನ ಜೊತೆ ಫೋನಲ್ಲಿ ಜಗಳವೇ ಆಗಿಹೋಯಿತು. ವಿಷಯ ಸ್ಪೈಡರ್‌ಮ್ಯಾನ್. ನಗಬೇಡಿ. ಸ್ಪೈಡರ್‌ಮ್ಯಾನ್ ಇಲ್ಲದ ಅವೆಂಜರ್ಸ್ (ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋಗಳ ಗುಂಪು) ಅದೆಂಥ ಟೀಮು ಅಂತ ಅವನು, ಆ ಮುಖವಾಡದ ಹಿಂದಿರೋ ಹುಡುಗ ಪೀಟರ್ ಪಾರ್ಕರ್ ಆ ಟೀಮಿಗೆ ಸೇರಲೇಬಾರದಿತ್ತು ಅಂತ ನಾನು. ಅರ್ಧಕ್ಕೆ ಫೋನ್ ಇಟ್ಟ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ, ಓದಲಿ.

ಸಿನಿಮಾದಿಂದ ಶುರು ಮಾಡಿದವರಿಗೆ ನನ್ನ ಮಾತು ವಿಚಿತ್ರ ಅನ್ನಿಸಬಹುದು. 2016ರಲ್ಲಿ ನಟ ಟಾಮ್ ಹಾಲೆಂಡ್ ಸ್ಪೈಡರ್‌ಮ್ಯಾನ್ ಆಗಿ ಮೊದಲು ಬಂದಿದ್ದೇ ಅವೆಂಜರ್ಸ್‌ನ ಕ್ಯಾಪ್ಟನ್ ಅಮೆರಿಕನ ಸಿನಿಮಾದಲ್ಲಿ, ಅದೇ ಟೀಮಿನ ಕೋಟ್ಯಧಿಪತಿ ಐರನ್‌ಮ್ಯಾನ್, ಅಂದರೆ ಟೋನಿ ಸ್ಟಾರ್ಕ್ ಕೊಡಿಸಿದ ಸೂಟು ಹಾಕಿಕೊಂಡು. ಆದರೆ 1962ರಲ್ಲಿ ಕಾಮಿಕ್ಸ್‌ನಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಹುಟ್ಟಿಸಿದ ಪೀಟರ್‌ಗೆ ಸೂಟು ಕೊಡಿಸುವವರು ಯಾರೂ ಇರಲಿಲ್ಲ.

1963ರಲ್ಲಿ ಅವನದೇ ಹೆಸರಿನ ಕಾಮಿಕ್ ಶುರುವಾಯಿತಲ್ಲ, ಅದರ ಮೊದಲ ಸಂಚಿಕೆ ನೋಡಿ. ಸಾಕಿದ ಅಂಕಲ್ ಬೆನ್ ಸತ್ತಿದ್ದಾನೆ, ಮನೆ ಬಾಡಿಗೆಗೆ ಕಾಸಿಲ್ಲ. ಹುಡುಗ ವೇಷ ಹಾಕಿ ಶೋ ಕೊಡುತ್ತಾನೆ. ದುಡ್ಡು ಚೆಕ್ಕಲ್ಲಿ ಬರುತ್ತದೆ, ಅದೂ ಸ್ಪೈಡರ್‌ಮ್ಯಾನ್ ಅನ್ನೋ ಹೆಸರಿಗೆ. ಅದೇ ವೇಷದಲ್ಲಿ ಬ್ಯಾಂಕಿಗೆ ಹೋಗಿ ಕೌಂಟರ್ ಮುಂದೆ ನಿಂತರೆ, ಅಲ್ಲಿದ್ದವನು ಗುರುತಿನ ಚೀಟಿ ಕೇಳುತ್ತಾನೆ. ಈ ಡ್ರೆಸ್ ಸಾಲದಾ ಅಂದರೆ, ಡ್ರೆಸ್ ಯಾರು ಬೇಕಾದರೂ ಹಾಕಬಹುದಲ್ಲ ಅನ್ನುತ್ತಾನೆ! ಗೋಡೆ ಹತ್ತೋ ಶಕ್ತಿ ಇದೆ, ಚೆಕ್ ಕ್ಯಾಶ್ ಮಾಡಿಸಕ್ಕಾಗಲ್ಲ. ನನ್ನ ಪ್ರಕಾರ ಇಡೀ ಸ್ಪೈಡರ್‌ಮ್ಯಾನ್ ಇರೋದು ಆ ಕೌಂಟರ್ ಮುಂದೆ.

ಅದೇ ಸಂಚಿಕೆಯಲ್ಲಿ ಫೆಂಟಾಸ್ಟಿಕ್ ಫೋರ್ ಅನ್ನೋ ನಾಲ್ವರು ಹೀರೋಗಳ ಟೀಮಿನ ಕಟ್ಟಡಕ್ಕೂ ನುಗ್ಗುತ್ತಾನೆ. ಟೀಮಿಗೆ ಸೇರಿಸಿಕೊಳ್ಳಿ, ಒಳ್ಳೇ ಸಂಬಳ ಕೊಡಿ ಅಂತ. ಇಲ್ಲಿ ಸಂಬಳ ಗಿಂಬಳ ಇಲ್ಲಪ್ಪ ಅಂದಾಗ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. 1966ರಲ್ಲಿ ಅವೆಂಜರ್ಸ್ ತಾವೇ ಕರೆದು, ಹಲ್ಕ್‌ನನ್ನು ಹಿಡಿದು ತಾ ಅಂತ ಪರೀಕ್ಷೆ ಇಟ್ಟರು. ಆ ದೈತ್ಯ ಸಿಕ್ಕ, ಆದರೆ ಕಣ್ಣೆದುರೇ ಮಾಮೂಲಿ ಮನುಷ್ಯ ಬ್ರೂಸ್ ಬ್ಯಾನರ್ ಆಗಿ ನಿಂತ. ಪೀಟರ್‌ಗೆ ಪಾಪ ಅನ್ನಿಸಿತು, ಬಿಟ್ಟುಬಿಟ್ಟ. ನನ್ನಿಂದ ಆಗಲಿಲ್ಲ ಅಂತ ಹೇಳಿ ಹೊರಟುಹೋದ. ಟೀಮ್ ಅಂದಮೇಲೆ ಯಾರನ್ನಾದರೂ ಕೇಳಬೇಕಾಗುತ್ತಿತ್ತು, ಅಲ್ವಾ?

ಆಮೇಲೆ 2005 ಬಂತು. ನ್ಯೂ ಅವೆಂಜರ್ಸ್ ಅನ್ನೋ ಹೊಸ ಕಾಮಿಕ್. ಸ್ಪೈಡರ್‌ಮ್ಯಾನ್, ವುಲ್ವರಿನ್ ಇಬ್ಬರನ್ನೂ ತಂದು ಕೂರಿಸಿದರು. ಜಾಸ್ತಿ ಓಡೋ ಕುದುರೆಗಳು, ಮಾರಾಟದ ಲೆಕ್ಕ ನನಗೂ ಅರ್ಥವಾಗುತ್ತದೆ. ಪೀಟರ್, ಹೆಂಡತಿ, ಅವನನ್ನು ಸಾಕಿದ ಆಂಟ್ ಮೇ ಮೂವರೂ ಟೋನಿಯ ಟವರ್‌ಗೆ ಹೋಗಿ ಉಳಿದರು. ಬಾಡಿಗೆ ಚಿಂತೆ ಹೋಯಿತು, ಕತೆಯ ಉಪ್ಪೂ ಹೋಯಿತು. 2006ರಲ್ಲಿ ಟೋನಿ ಮಾತು ಕೇಳಿ ಪತ್ರಕರ್ತರ ಮುಂದೆ ಮುಖವಾಡ ತೆಗೆದ, ಆಂಟ್ ಮೇಗೆ ಗುಂಡು ಬಿತ್ತು, ಕೊನೆಗೆ ಅದನ್ನೆಲ್ಲ ಸರಿಮಾಡಲು ಅವನ ಮದುವೆಯನ್ನೇ ಕತೆಯಿಂದ ಅಳಿಸಬೇಕಾಯಿತು. (ಆ ಕೋಪ ನನಗಿನ್ನೂ ಇಳಿದಿಲ್ಲ.)

ಹೊಡೆದಾಡುವಾಗಲೂ ಜೋಕ್ ಹೊಡೆಯೋ ಪೀಟರ್‌ನ ಬಾಯಿ ವಿಷಯ ಬೇರೆ. ಒಬ್ಬನೇ ಇದ್ದಾಗ ಆ ವಟವಟ ಭಯ ಮುಚ್ಚೋಕೆ. ಹತ್ತು ಜನರ ಮಧ್ಯೆ ಅದೇ ಮಾತು ಬರೀ ಕಾಮಿಡಿ ಟ್ರ್ಯಾಕ್ ಆಗಿಬಿಡುತ್ತದೆ.

ಹಾಗಂತ ಯಾರ ಜೊತೆಗೂ ಸೇರಬಾರದು ಅಂತಲ್ಲ. 1972ರಿಂದ 1985ರವರೆಗೆ ಮಾರ್ವೆಲ್ ಟೀಮ್-ಅಪ್ ಅನ್ನೋ ಕಾಮಿಕ್ ಬರುತ್ತಿತ್ತು. ಹೆಚ್ಚುಕಮ್ಮಿ ಪ್ರತಿ ಸಂಚಿಕೆಗೂ ಸ್ಪೈಡರ್‌ಮ್ಯಾನ್ ಜೊತೆ ಬೇರೆ ಬೇರೆ ಹೀರೋ. ಬಂದರು, ಹೊಡೆದಾಡಿದರು, ಅವರವರ ಮನೆಗೆ ಹೋದರು. ಅಷ್ಟು ಸಾಕು. ಫೆಂಟಾಸ್ಟಿಕ್ ಫೋರ್‌ನ ಹ್ಯೂಮನ್ ಟಾರ್ಚ್ ಜೊತೆ ಲಿಬರ್ಟಿ ಪ್ರತಿಮೆಯ ಮೇಲೆ ಕೂತು ಕಾಲೆಳೆಯೋದು ಗೆಳೆತನ, ಅದಕ್ಕೆ ಮೆಂಬರ್‌ಶಿಪ್ ಬೇಕಿಲ್ಲ.

2012ರ ಅವೆಂಜರ್ಸ್ ಸಿನಿಮಾದಲ್ಲಿ ಅವನಿರಲಿಲ್ಲ, ಸಿನಿಮಾ ಹಕ್ಕು ಸೋನಿ ಹತ್ತಿರ ಇತ್ತು. ಥಿಯೇಟರಲ್ಲಿ ಸೀಟಿ ಹೊಡೆದಿದ್ದು ಇದೇ ನನ್ನ ಗೆಳೆಯ. ಆಗ ಯಾರ ಕೊರತೆಯೂ ಕಂಡಿರಲಿಲ್ಲ ಅವನಿಗೆ.

2021ರ ಸ್ಪೈಡರ್‌ಮ್ಯಾನ್ ಸಿನಿಮಾ ಕೊನೆಗೆ ಲೋಕವೇ ಪೀಟರ್‌ನನ್ನು ಮರೆಯುತ್ತದೆ. ಒಂದು ಹಳೇ ರೂಮು, ಹೊಲಿಗೆ ಮಷೀನು, ಒಂದನೇ ತಾರೀಕು ಬಾಡಿಗೆ ತಪ್ಪಿಸಬೇಡ ಅನ್ನೋ ಓನರ್. ಪಕ್ಕದ ಸೀಟಲ್ಲಿ ಗೆಳೆಯ ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಹಲ್ಲು ಕಿರಿಯುತ್ತಾ ಕೂತಿದ್ದೆ.