890 ಇದ್ದರೆ ಭಾರತದ್ದೇನಾ?

ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ ಮಾಲು, 690 ಇದ್ದರೆ ಚೀನಾದ್ದು. ಈ ಮೆಸೇಜ್ ನಿಮಗೂ ಬಂದಿರಬಹುದು. ಕಳಿಸುವವರ ಉದ್ದೇಶ ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು.

ಆ ಅಂಕಿಗಳು ಹೇಳುವುದು ಕಂಪನಿ ಯಾವ ದೇಶದಲ್ಲಿ ಬಾರ್‌ಕೋಡ್ ನಂಬರ್ ಪಡೆಯಿತು ಅಂತ ಅಷ್ಟೇ. ಇಲ್ಲಿ ನಂಬರ್ ಪಡೆದ ಕಂಪನಿ ವಿಯೆಟ್ನಾಂನಲ್ಲಿ ಮಾಲು ಮಾಡಿಸಿದರೂ 890 ಇರಬಹುದು. ಬಹುರಾಷ್ಟ್ರೀಯ ಕಂಪನಿ ಇಲ್ಲೇ ತಯಾರಿಸಿದ ವಸ್ತುವಿಗೆ ಹೊರದೇಶದ ನಂಬರ್ ಇರಬಹುದು. ಅನುಮಾನವಿದ್ದರೆ ಮನೆಯಲ್ಲಿರುವ ಯಾವುದಾದರೂ ಹೊಸ ಪುಸ್ತಕದ ಹಿಂಬದಿ ನೋಡಿ. ಕನ್ನಡದ್ದಾದರೂ ಸರಿ, ಇಂಗ್ಲಿಷಿನದ್ದಾದರೂ ಸರಿ, ಬಾರ್‌ಕೋಡ್ ಸಾಮಾನ್ಯವಾಗಿ 978ರಿಂದಲೇ ಶುರುವಾಗುತ್ತದೆ. 978 ಅಂತ ಯಾವ ದೇಶವೂ ಇಲ್ಲ ಅಲ್ವಾ! ಅದು ಪುಸ್ತಕಗಳಿಗೆ ಮೀಸಲಾದ ಅಂಕಿ.

ಹಾಗಾದರೆ ತಿಳಿಯುವುದು ಹೇಗೆ? ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ ಓದಿ. ತಯಾರಕರ ಹೆಸರು, ವಿಳಾಸ ಅಲ್ಲಿರುತ್ತದೆ. ಹೊರಗಿನಿಂದ ತಂದ ಮಾಲಾದರೆ ಯಾವ ದೇಶದ್ದು, ಯಾರು ತರಿಸಿದ್ದು ಎಂದು ಮುದ್ರಿಸಲೇಬೇಕು. ಪ್ಯಾಕ್ ಮಾಡಿದ ಸರಕುಗಳ 2011ರ ನಿಯಮ ಈ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿದೆ.

ಇನ್ನು ಕೆಲಸಗಾರರಿಗೆ ನ್ಯಾಯವಾದ ಕೂಲಿ ಸಿಕ್ಕಿತೇ, ಮಕ್ಕಳನ್ನು ದುಡಿಸಿದರೇ ಎನ್ನುವುದು ಬಾರ್‌ಕೋಡಿನಿಂದ ಗೊತ್ತಾಗುವ ವಿಷಯವೇ ಅಲ್ಲ. ಅದನ್ನು ಕಂಪನಿಯನ್ನೇ ಕೇಳಬೇಕು. ಗ್ರಾಹಕರ ಸಹಾಯವಾಣಿ ನಂಬರ್ ಅದೇ ಪ್ಯಾಕೆಟ್ ಮೇಲಿರುತ್ತದೆ.